ಬಳೆಗಾರ ಕಾಕಾನ ಹೆಬ್ಬೆರಳು

ಮಾನ್ವಿ, ದೇವದುರ್ಗ ಎರಡೂ ತಾಲ್ಲೂಕಿನ ಹೆಂಗಸರ ಕೈಯನ್ನು ಅವರವರ ಗಂಡಂದಿರಿಗಿಂತ ಹೆಚ್ಚು ಹೊತ್ತು ಹಿಡಿದ ಗಂಡಸು ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ಹುಬ್ಬೇರಿಸಬೇಡಿ. ಇದನ್ನು ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವನ ಎದುರಿಗೇ ಹೇಳಬಲ್ಲೆ. ಯಾಕೆಂದರೆ ಇದು ಅವಳದೇ ಮಾತು. "ನನ್ನ ಕೈ ಮದಿವಿ ದಿನ ಒಮ್ಮಿ ಹಿಡದದ್ದು ನೋಡವಾ, ಆಮ್ಯಾಲ ಊರ ಮಂದೀದು ಹಿಡಿಯೂದ್ರಾಗ ಪುರಸೊತ್ತು ಸಿಕ್ಕಿಲ್ಲ" ಎಂದು ಬಂದವರಿಗೆಲ್ಲ ಚಹಾದ ಜೊತೆ ಬಡಿಸುತ್ತಾಳೆ.

ಕಾಕಾ ಬಳೆಗಾರ. ಮಾನ್ವಿಯ ಬಜಾರಿನಲ್ಲಿ ನಾಲ್ಕು ಮೊಳದ ಅಂಗಡಿ, ವಾರಕ್ಕೊಮ್ಮೆ ದೇವದುರ್ಗದ ಸಂತೆ.

ಹೋದ ವರ್ಷ ನಾಗರಪಂಚಮಿಯ ಹಿಂದಿನ ದಿನ ಆ ಅಂಗಡಿಯಲ್ಲಿ ನಾವು ನಾಲ್ವರಿದ್ದೆವು. ಗಾದಿಯ ಮೇಲೆ ಕಾಕಾ. ಅವನ ಹಿಂದೆ ಡಬ್ಬಿ ಇಳಿಸಿಕೊಡುತ್ತ ಚಿಗವ್ವ. ಕುರ್ಚಿಯಲ್ಲಿ ಅವರ ಒಬ್ಬಳೇ ಮಗಳು, ಐದು ತಿಂಗಳ ಬಸುರಿ, ಜಾಲಹಳ್ಳಿಯ ಗಂಡನ ಮನೆಯಿಂದ ಹಬ್ಬಕ್ಕೆ ಬಂದವಳು. ಮತ್ತೆ ಕಾಕಾನ ಮುಂದೆ ಕೈ ಚಾಚಿ ಕುಳಿತವಳು ನಾನು, ಅಣ್ಣನ ಮಗಳು, ರಾಯಚೂರಿನಿಂದ ಬಸ್ಸಿನಲ್ಲಿ ನಿಂತು ಬಂದವಳು. ಹೊರಗೆ ಕಟ್ಟೆಯ ಮೇಲೆ ಸರದಿಗಾಗಿ ಕಾಯುವ ಹೆಂಗಸರ ದಂಡು.

ಕಾಕಾ ಬಳೆ ಇಡಿಸುವ ರೀತಿ ನೋಡಬೇಕು ನೀವು. ಕೈಯ ಕಡೆ ನೋಡುವುದೇ ಇಲ್ಲ! ಚಾವಣಿ ನೋಡುತ್ತಾನೆ, ರಸ್ತೆಯ ಎತ್ತು ನೋಡುತ್ತಾನೆ, ಪೋತ್ನಾಳದ ಭತ್ತಕ್ಕೆ ನೀರು ಬಂತೇ ಎಂದು ವಿಚಾರಿಸುತ್ತಾನೆ. ಅಷ್ಟರಲ್ಲಿ ಹೆಬ್ಬೆರಳು ನಿಮ್ಮ ಹೆಬ್ಬೆರಳಿನ ಬುಡವನ್ನು ಒಂದು ಸಲ ಒತ್ತಿ, ಎಲುಬು ಎಲ್ಲಿದೆ, ಮಾಂಸ ಎಲ್ಲಿದೆ ಎಂದು ಕೇಳಿಕೊಂಡು, ಬಳೆಯನ್ನು ಮಣಿಕಟ್ಟಿಗೆ ಮುಟ್ಟಿಸಿಬಿಟ್ಟಿರುತ್ತದೆ. "ಕಣ್ಣು ಸುಳ್ಳು ಹೇಳತಾವ ಯವ್ವಾ, ಹೆಬ್ಬಟ್ಟು ಹೇಳೂದಿಲ್ಲ" ಎನ್ನುತ್ತಾನೆ. ಮೂವತ್ತು ವರ್ಷದಲ್ಲಿ ಒಬ್ಬರ ಕೈಮೇಲೂ ಅವನಿಂದ ಬಳೆ ಹೆಚ್ಚಿರಲಿಲ್ಲ. (ಬಳೆ ಒಡೆಯಿತು ಎಂದು ನಮ್ಮಲ್ಲಿ ಬಾಯಿತಪ್ಪಿಯೂ ಅನ್ನುವಂತಿಲ್ಲ, ಹೆಚ್ಚಿತು ಅನ್ನಬೇಕು. ನಾನು ಚಿಕ್ಕವಳಿದ್ದಾಗ ಬಾಯಿತಪ್ಪಿ ಅಂದು ನಮ್ಮಜ್ಜಿಯಿಂದ ಬಾಯಿಮೇಲೆ ತಿಂದಿದ್ದೇನೆ.)

ಆ ದಿನವೂ ಕಾಕಾ ಚಾವಣಿ ನೋಡುತ್ತಲೇ ನನ್ನ ಕೈ ಹಿಡಿದ. ನಾಲ್ಕು ಬಳೆ ಒಟ್ಟಿಗೆ ಬೆರಳ ಗಂಟಿನ ತನಕ ಬಂದಿದ್ದವು. ಆಗ ಅವನ ಹೆಬ್ಬೆರಳಿನಲ್ಲಿ ಏನೋ ತಗುಲಿತು ನೋಡಿ, ಒಣಗಿದ ಜೋಳದ ಕಾಳಿನಂಥದು, ಒರಟು. ಬಗ್ಗಿ ನೋಡಿದೆ. ಹೆಬ್ಬೆರಳ ಮೇಲೆ ಒಂದು, ಪಕ್ಕದಲ್ಲಿ ಮೂರು, ಬೆರಳ ಸಂದಿಯಲ್ಲಿ ಇನ್ನೆರಡು. ಹೂಕೋಸಿನ ಹಾಗೆ ಬಾಯಿಬಿಟ್ಟ ಗಂಟುಗಳು. ನರಹುಲಿ!

ನಾನು ಕೈ ಎಳೆದುಕೊಂಡೆ.

ಬೇಕೆಂದು ಅಲ್ಲ. ಬಿಸಿ ಹಂಚು ತಗುಲಿದರೆ ಕೈ ನಿಮ್ಮನ್ನು ಕೇಳಿ ಹಿಂದೆ ಬರುತ್ತದೆಯೇ? ಹಾಗೆ. ನಾಲ್ಕೂ ಬಳೆ ಹೆಚ್ಚಿದವು. ಕಟ್ಟೆಯ ಮೇಲಿನ ಹೆಂಗಸರೆಲ್ಲ ಒಮ್ಮೆಲೇ ಒಳಗೆ ಇಣುಕಿದರು. ಕಾಕಾ ಮೊದಲ ಸಲ ಚಾವಣಿಯಿಂದ ಕಣ್ಣಿಳಿಸಿ ನನ್ನ ಕೈ ನೋಡಿದ, ತನ್ನ ಕೈ ನೋಡಿದ. ಆಮೇಲೆ ಆ ಕೈಯನ್ನು ಗಾದಿಯ ಕೆಳಗೆ ಸರಿಸಿ ನಕ್ಕ.

"ಗಾಜು ಕಚ್ಚಾ ಅದ. ಫಿರೋಜಾಬಾದಿನವ್ರು ಮೋಸ ಮಾಡಾಕತ್ತಾರ!" ಎಂದ.

ಪಾಪ, ಎಲ್ಲಿಯ ಫಿರೋಜಾಬಾದು!

ಇಷ್ಟೇ ಆಗಿದ್ದರೆ ಮರೆತುಬಿಡಬಹುದಿತ್ತು. ಆದರೆ ಎರಡು ತಿಂಗಳಿಗೆ ಮಗಳ ಕುಬಸ, ಅಂದರೆ ಸೀಮಂತ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ, ಹಸಿರು ಕುಬಸ, ಎರಡೂ ಕೈ ತುಂಬ ಹಸಿರು ಬಳೆ. ನಮ್ಮ ಮನೆತನದಲ್ಲಿ ಆ ಹಸಿರು ಬಳೆಯನ್ನು ಕಾಕಾನೇ ಇಡಿಸುವುದು. ನನಗೆ ಇಡಿಸಿದ್ದ, ನನ್ನ ಅಕ್ಕಂದಿರಿಗೆ ಇಡಿಸಿದ್ದ, ಊರ ಅರ್ಧ ಬಸುರಿಯರಿಗೆ ಇಡಿಸಿದ್ದ. ಈಗ ಹೊಟ್ಟೆಯ ಮಗಳಿಗೆ ಇಡಿಸಬೇಕು. ಅದಕ್ಕೆಂದೇ ಒಂದು ಡಬ್ಬಿ ಹಸಿರು ಬಳೆಯನ್ನು ಅವಳ ಮದುವೆಯ ಮರುದಿನವೇ ತಂದು ಮೇಲಿನ ಗೂಡಿನಲ್ಲಿಟ್ಟಿದ್ದ, ಯಾರೂ ಮುಟ್ಟುವಂತಿರಲಿಲ್ಲ! "ಮದಿವ್ಯಾಗಿ ಇನ್ನಾ ಒಂದು ದಿನ ಆಗಿಲ್ಲ, ಕುಬಸದ ಬಳಿ ತಂದ್ಯಲ್ಲೋ ಪುಣ್ಯಾತ್ಮ" ಎಂದು ನಮ್ಮಪ್ಪ ನಕ್ಕಿದ್ದು ಇನ್ನೂ ನೆನಪಿದೆ.

ಅಂಥ ಮನುಷ್ಯನ ಹೆಬ್ಬೆರಳಿನ ಮೇಲೆ ನರಹುಲಿ ಎದ್ದು ಕುಳಿತರೆ?

ಯುದ್ಧ ಶುರುವಾಯಿತು. ಡಾಕ್ಟರ ಹತ್ತಿರ ಹೋಗು ಎಂದೆ. "ನರೂಲಿಗೆ ಯಾರರ ಡಾಕ್ಟರ್ ಕಡಿ ಹೋಗ್ತಾರೇನವಾ? ನಕ್ಕಾರು!" ಎಂದ. ಅಂಗಡಿಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು, ಕಾಕಾ ಎಲ್ಲವನ್ನೂ ಮಾಡಿದ. ಒಂದನ್ನೂ ಬಿಡಲಿಲ್ಲ.

ಮೊದಲನೆಯದು ಕುದುರೆಯ ಬಾಲದ ಕೂದಲು. ಗಂಟಿಗೆ ಬಿಗಿದು ಕಟ್ಟಿದರೆ ಉದುರುತ್ತದಂತೆ. ಆದರೆ ಈಗ ಕುದುರೆ ಎಲ್ಲಿ? ಟಾಂಗಾ ಹೋಗಿ ಆಟೋ ಬಂದು ಎಷ್ಟು ಕಾಲವಾಯಿತು! ಬಳೆ ಖರೀದಿಗೆ ರಾಯಚೂರಿಗೆ ಬಂದವನು ನನ್ನ ಜೊತೆ ಬಜಾರಿನಲ್ಲಿ ನಡೆಯುತ್ತಿದ್ದ. ಎದುರಿಗೆ ಮದುವೆಯ ಮೆರವಣಿಗೆ. ಬ್ಯಾಂಡು, ಪಟಾಕಿ, ಬಿಳಿ ಕುದುರೆಯ ಮೇಲೆ ವರ. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಕಾಕಾ ಇಲ್ಲ! ಕುದುರೆಯ ಹಿಂದಿದ್ದಾನೆ! ಕರೆಯಬೇಕು ಅನ್ನುವಷ್ಟರಲ್ಲಿ ಕುದುರೆ ಮುಂಗಾಲೆತ್ತಿತು, ವರ ಅದರ ಕುತ್ತಿಗೆಯನ್ನು ಹೆಂಡತಿಗಿಂತ ಮೊದಲೇ ಅಪ್ಪಿಕೊಂಡ, ಬ್ಯಾಂಡಿನವರು ಹಾಡಿನ ನಡುವೆ ಉಸಿರು ಬಿಟ್ಟರು. ವರನ ಅಪ್ಪ "ಯಾವನಲೇ ಅವ?" ಎಂದು ನುಗ್ಗಿ ಬಂದರೆ, ನಮ್ಮ ಕಾಕಾ ಒಂದು ಕೈಯ ಮುಷ್ಟಿಯಲ್ಲಿ ಕೂದಲು ಮುಚ್ಚಿಕೊಂಡು ಇನ್ನೊಂದು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದಾನೆ: "ಕುದರಿ ಕುಣದ್ರ ಶುಭರೀ ಬೀಗರ! ಗಂಡು ಮಗನ ಆಗತದ!" ಅವರು ನಂಬಿದರೋ ಬಿಟ್ಟರೋ, ನಾವು ತಿರುಗಿ ನೋಡದೆ ನಡೆದೆವು.

ಕೂದಲು ಕಟ್ಟಿ ಎರಡು ದಿನಕ್ಕೆ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಗಂಟು ಮಾತ್ರ ಆರಾಮಾಗಿತ್ತು.

ಎರಡನೆಯದು ಇನ್ನೂ ಗುಟ್ಟಿನ ಮದ್ದು. ಎಷ್ಟು ಗಂಟು ಇವೆಯೋ ಅಷ್ಟು ಜೋಳದ ಕಾಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಮೂರು ದಾರಿ ಕೂಡುವಲ್ಲಿ ಹಿಂದೆ ನೋಡದೆ ಎಸೆದು ಬರಬೇಕು. ಯಾರು ಎತ್ತಿಕೊಳ್ಳುತ್ತಾರೋ ಗಂಟು ಅವರಿಗೆ ಹೋಗುತ್ತವೆ. ಆರಿದ್ದ ಗಂಟು ಅಷ್ಟರಲ್ಲಿ ಹನ್ನೊಂದಾಗಿದ್ದವು. ಕಾಕಾ ಹನ್ನೊಂದು ಕಾಳು ಎಣಿಸಿ ಕಟ್ಟಿ, ಬೆಳಗಿನಲ್ಲೇ ಹೋಗಿ ಎಸೆದು ಬಂದ. ಮಧ್ಯಾಹ್ನದ ತನಕ ಮುಖದಲ್ಲಿ ಏನು ಕಳೆ! ಆಮೇಲೆ ಸಣ್ಣಗೆ ಚಿಂತೆ ಹತ್ತಿತು. "ಯಾವುದರ ಬಡಪಾಯಿ ಎತ್ತಿಗೊಂಡ್ರ ಹೆಂಗ? ಅವನಿಗೂ ಹೊಟ್ಟಿಪಾಡು ಅದ ಅಲ್ಲ?" ಎಂದು ನನಗೆ ಫೋನು ಮಾಡಿದ. ಎತ್ತಿಕೊಂಡು ಬರಬೇಕೆಂದು ಎದ್ದು ಚಪ್ಪಲಿ ಮೆಟ್ಟುವುದಕ್ಕೂ ಚಿಗವ್ವ ಒಳಗೆ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಅದೇ ಕೆಂಪು ಗಂಟು!

"ನೋಡ್ರಿಲ್ಲಿ! ನನ್ನ ಹೊಸಾ ಇಳಕಲ್ ಖಣ, ಹರದು ಜೋಳ ಕಟ್ಟಿ ರಸ್ತಿಮ್ಯಾಗ ಒಗದಾರ! ಯಾವ ಕೈ ಮಾಡಿದ್ದಿದು?"

ಯಾವ ಕೈ ಎಂದು ಹೇಳುವುದು? ಕಾಕಾ ತನ್ನೆರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. ರಾತ್ರಿ ಉಂಡು ಎಣಿಸಿಕೊಂಡರೆ ಹನ್ನೊಂದು ಹೋಗಿ ಹದಿಮೂರಾಗಿದ್ದವು. ಚಿಗವ್ವನಿಗೆ ಒಂದೂ ಬರಲಿಲ್ಲ. "ನರೂಲಿಗೂ ನಿಮ್ಮವ್ವನ ಹೆದರಿಕಿ ಅದ" ಎಂದು ಮಗಳಿಗೆ ಫೋನಿನಲ್ಲಿ ಹೇಳಿ, ಚಿಗವ್ವನಿಂದ ಬೈಸಿಕೊಂಡ.

ಇದೆಲ್ಲ ಮನೆಯೊಳಗಿನ ಮಾತು. ಹೊರಗೆ, ಸಂತೆಯಲ್ಲಿ? ಅಲ್ಲಿ ದಿನಕ್ಕೆ ನೂರು ಕೈ ಹಿಡಿಯಬೇಕು. ಅದಕ್ಕೂ ಕಾಕಾ ಒಂದು ದಾರಿ ಹುಡುಕಿದ. ಪ್ರತಿ ಹೆಂಗಸಿನ ಕೈಗೂ ಒಂದು ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲಿಂದ ಬಳೆ ಜಾರಿಸಿ, ಆಮೇಲೆ ಚೀಲ ಎಳೆದುಕೊಳ್ಳುವುದು. "ಇದು ಹೈದರಾಬಾದ್ ಪದ್ಧತಿ! ಚಾರ್‌ಮಿನಾರ್ ಹಂತ್ಯಾಕ ಈಗ ಎಲ್ಲಾರೂ ಹಿಂಗ ಇಡಸ್ಕೊಂತಾರ" ಎಂದು ಸಂತೆಯ ತುಂಬ ಕೂಗಿದ. ಹೈದರಾಬಾದಿನ ಮಾತೆಂದರೆ ನಮ್ಮ ಕಡೆ ಕೇಳಬೇಕೇ? ದೇವದುರ್ಗದ ಹೆಂಗಸರು ಮುಗಿಬಿದ್ದರು! "ನನಗ ಚೀಲದಾಗ ಇಡಸ್ರಿ", "ನನಗೂ ಹೈದರಾಬಾದ್ ಹಾಕ್ರಿ ಬಳಿಗಾರಣ್ಣ" ಎಂದು ಜಗಳ.

ಪಕ್ಕದಲ್ಲೇ ಕೂತು ಬಳೆ ಮಾರುವ ಚಾಚಿಗೆ ಮಾತ್ರ ಇದು ಸೇರಲಿಲ್ಲ. ಚಾಚಿ ಎಂದರೆ ಸಂತೆಗೇ ಹಿರಿಯಳು. ಕಾಕಾನಿಗೆ ಹುಡುಗನಾಗಿದ್ದಾಗ ಕೈ ಹಿಡಿಯುವುದನ್ನು ಕಲಿಸಿದವಳೇ ಅವಳು. ಬಾಯಲ್ಲಿನ ಎಲೆ ಅಡಿಕೆ ಒಂದು ಕಡೆ ಸರಿಸಿ ಕೇಳಿದಳು: "ಕ್ಯಾ ರೇ ಬೇಟಾ, ಮಳಿ ಇಲ್ಲ, ಗಾಳಿ ಇಲ್ಲ, ಕೈಗೆ ಬರಸಾತಿ ಯಾಕ ಹಾಕಾಕತ್ತಿ?"

"ಫ್ಯಾಷನ್ ಚಾಚಿ!"

"ಫ್ಯಾಷನ್ ಅಲ್ಲ. ನಿನ್ನ ಹೆಬ್ಬಟ್ಟು ಕುರುಡಾಗತದ ನೋಡು."

ಮೂರನೇ ಸಂತೆಗೆ ಚಾಚಿಯ ಮಾತು ನಿಜವಾಯಿತು. ಚೀಲದ ಒಳಗೆ ಎಲುಬು ತಿಳಿಯದೆ ಒಬ್ಬ ಹೆಂಗಸಿನ ಕೈಮೇಲೆ ಮೂರು ಬಳೆ ಹೆಚ್ಚಿದವು. ಅವಳು ಚೀಲ ಕಿತ್ತೆಸೆದು ಕಾಕಾನ ಕೈ ನೋಡಿ ಚೀರಿದಳು. ಸಂತೆಯಲ್ಲಿ ಚೀರಿದ್ದು ಸಂಜೆಯ ಬಸ್ಸಿನಲ್ಲಿ ಜಾಲಹಳ್ಳಿಗೆ ಮುಟ್ಟಿತು. ಮರುದಿನ ಬೀಗತಿಯ ಫೋನು.

ಬೀಗತಿ, ಅಂದರೆ ಮಗಳ ಅತ್ತೆ, ಕೆಟ್ಟ ಹೆಂಗಸೇನಲ್ಲ. ಸೊಸೆಗೆ ತುಪ್ಪ ಬಡಿಸಿ ಬಡಿಸಿ ದಪ್ಪ ಮಾಡಿದವಳು. ಆದರೆ ಮಾತು ನೇರ. "ಬೀಗರ, ಕುಬಸದ ದಿನ ಬ್ಯಾರೆ ಬಳಿಗಾರನ್ನ ಕರಸ್ರಿ. ನಾಳಿ ನನ್ನ ಮೊಮ್ಮಗಗ ಮೈತುಂಬ ನರೂಲಿ ಎದ್ದ್ರ ಯಾರು ಜವಾಬ್ದಾರಿ?" ಎಂದಳಂತೆ. ಕಾಕಾ "ಆತ್ರೀ" ಎಂದನಂತೆ. ಅಷ್ಟೇ. ಒಂದು ಜೋಕಿಲ್ಲ, ಒಂದು ಹೈದರಾಬಾದಿಲ್ಲ!

ಫೋನಿಟ್ಟು ಅಂಗಡಿಗೆ ಹೋದವನು ಮಧ್ಯಾಹ್ನ ಬಾಗಿಲು ಎಳೆದುಕೊಂಡ. ಎಲೆಗೆ ಹಚ್ಚುವ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಹದಿಮೂರೂ ಗಂಟಿಗೆ ಮೆತ್ತಿಕೊಂಡು ಕುಳಿತನಂತೆ. ಚಿಗವ್ವ ಊಟದ ಡಬ್ಬಿ ಹಿಡಿದು ಬಂದು ಬಾಗಿಲು ತೆಗೆದಾಗ ಹೆಬ್ಬೆರಳಿನ ಚರ್ಮ ಸುಲಿದು ಮಾಂಸ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡು, "ಇನ್ನಾ ಐದು ಮಿನಿಟ್ ತಡಿ, ಬುಡಕ್ಕ ಹೋಗಾಕತ್ತದ" ಎಂದನಂತೆ! ಚಿಗವ್ವ ಡಬ್ಬಿ ಎಸೆದು ಕೊಡದ ನೀರು ಸುರಿದಳು. ಆಮೇಲೆ ನನಗೆ ಫೋನು ಮಾಡಿದಳು.

ಮರುದಿನ ರಾಯಚೂರಿನಲ್ಲಿ ಚರ್ಮದ ಡಾಕ್ಟರ ಮುಂದೆ ನಾವು ಮೂವರು. ಕುಬಸಕ್ಕೆ ಇನ್ನು ಹನ್ನೆರಡು ದಿನ. ದೊಡ್ಡ ಡಾಕ್ಟರು ಕೈ ತಿರುಗಿಸಿ ನೋಡಿ, ಸುಟ್ಟಿದ್ದಕ್ಕೆ ಚೆನ್ನಾಗಿ ಬೈದು, ಪಟ್ಟಿ ಕಟ್ಟಿಸಿದರು. ಸುಟ್ಟ ಜಾಗ ಒಣಗಿದ ಮೇಲೆ ಗಂಟುಗಳನ್ನು ತಣ್ಣನೆಯ ಔಷಧಿಯಿಂದ ಹೆಪ್ಪುಗಟ್ಟಿಸಿ ತೆಗೆಯುತ್ತೇವೆ, ಒಂದೇ ಸಲಕ್ಕೆ ಹೋಗುವುದಿಲ್ಲ, ತಿಂಗಳುಗಳೇ ಹಿಡಿಯಬಹುದು ಎಂದರು.

"ಹನ್ನೆರಡು ದಿನದಾಗ ಆಗೂದಿಲ್ಲೇನ್ರಿ?"

"ಇಲ್ಲ ಯಜಮಾನ್ರೆ."

ಆಮೇಲೆ ಅಲ್ಲೇ ಕಲಿಯುತ್ತಿದ್ದ ಒಬ್ಬ ಚಿಕ್ಕ ಡಾಕ್ಟರಮ್ಮ ಒಂದು ಹಾಳೆ ಹಿಡಿದು ಬಂದಳು. ಮೈಸೂರು ಕಡೆಯವಳು. ನರಹುಲಿಯಿಂದ ರೋಗಿಗಳ ದಿನನಿತ್ಯದ ಬಾಳಿಗೆ ಎಷ್ಟು ತೊಂದರೆ ಎಂದು ಕೇಳಿ ಬರೆದುಕೊಳ್ಳುತ್ತಾಳಂತೆ. ಪ್ರತಿ ಪ್ರಶ್ನೆಗೆ ಮೂರೇ ಉತ್ತರ: ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ.

"ಎಲ್ಲಾಕ್ಕೂ ಇಲ್ಲವೇ ಇಲ್ಲ ಅಂತ ಗೀಟು ಹಾಕ್ಯವ್ವಾ, ನಿನಗೂ ಸಲೀಸು" ಎಂದ ಕಾಕಾ.

"ಹಾಗೆಲ್ಲ ಹಾಕಂಗಿಲ್ಲ ಅಂಕಲ್. ನೋವು ಇದ್ಯಾ?"

"ಇಲ್ಲವೇ ಇಲ್ಲ."

"ರೊಟ್ಟಿ ಮುರಿಯೂಮುಂದ ಹಾ ಅಂತಾರ" ಎಂದಳು ಚಿಗವ್ವ. ಡಾಕ್ಟರಮ್ಮ ಗೀಟು ಸರಿಸಿದಳು.

"ಬಟ್ಟೆ ಹಾಕ್ಕೊಳೋದ್ರಲ್ಲಿ ಏನಾದ್ರೂ ಬದಲಾವಣೆ?"

"ಇಲ್ಲವೇ ಇಲ್ಲ."

"ರಾಯಚೂರು ಬಿಸಿಲಿನಾಗ ತುಂಬುತೋಳಿನ ಅಂಗಿ ಹಾಕ್ಕೊಂಡು ಅಡ್ಡಾಡತಾರ. ತೋಳು ಬೆರಳಿನ ತನಕ ಎಳಕೊಂತಾರ. ನೋಡಿದವ್ರು ಅಣ್ಣನ ಅಂಗಿ ಅಂತಾರ."

"ನಾಲ್ಕು ಜನರ ನಡುವೆ ನಾಚಿಕೆ ಆಗುತ್ತಾ?"

"ಬಳಿಗಾರಗ ನಾಚಿಗಿ ಇದ್ರ ಹೊಟ್ಟಿ ತುಂಬತದೇನವ್ವಾ?"

"ನೀರಮಾನ್ವ್ಯಾಗ ಮದಿವಿಗೆ ಹೋಗಿ ಅಕ್ಕಿಕಾಳು ಹಾಕಲಿಲ್ಲ. ಎಲ್ಲಾರೂ ಕೈ ಎತ್ತಿದ್ರ ಇವರದು ಕಿಸೇದಾಗ."

ಕಾಕಾ ಹೆಂಡತಿಯ ಕಡೆ ತಿರುಗಿದ. "ಗಂಟು ನನಗ ಆಗ್ಯಾವೋ ನಿನಗೋ? ನೀನ ಪರೀಕ್ಷಾ ಬರಿ!" ಡಾಕ್ಟರಮ್ಮ ಬಾಯಿಗೆ ಹಾಳೆ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ.

"ಕೆಲಸಕ್ಕೆ ತೊಂದರೆ ಆಗಿದ್ಯಾ?"

"ಸ್ವಲ್ಪಕ್ಕೂ ತುಂಬಾಕ್ಕೂ ನಡುವ ಒಂದು ಸೈಜ್ ಇಲ್ಲೇನು? ಬಳಿಯೊಳಗ ಎರಡು-ನಾಕಕ್ಕೂ ಎರಡು-ಎಂಟಕ್ಕೂ ನಡುವ ಎರಡು-ಆರು ಇರತದ ನೋಡು, ಹಂಗ" ಎಂದು ಶುರುಮಾಡಿ, ಹೈದರಾಬಾದ್ ಪದ್ಧತಿಯನ್ನು ವಿವರಿಸಿದ. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ಕೇಳಿದಳು: "ಚೀಲ ಹಾಕಿದ್ದು ಗಂಟು ಯಾರಿಗೂ ಕಾಣಬಾರದು ಅಂತಾನಾ?"

"ಕಾಣಲಿ ಬಿಡವ್ವಾ, ಕಂಡ್ರ ಏನು ಆಗೂದದ? ಮುಟ್ಟಿದ್ರ ಹತ್ತತಾವ ಅಂತ ಯಾರೋ ಅಂದ್ರು. ಹೆಣ್ಣುಮಕ್ಕಳು ನಂಬಿ ಕೈ ಕೊಡತಾರ. ನನ್ನಿಂದ ಅವರಿಗೆ ಹತ್ತಬಾರದು ಅಲ್ಲ?"

ಚಿಗವ್ವ ಅವನ ಮುಖ ನೋಡಿದಳು. ಇದು ಅವಳಿಗೂ ಗೊತ್ತಿರಲಿಲ್ಲ. ನಾನು ಇಷ್ಟು ದಿನ ಚೀಲದ ಕಥೆಯನ್ನು ಊರಿಗೆಲ್ಲ ಹೇಳಿ ನಗಿಸಿದ್ದೆ.

"ಕೊನೇದು ಅಂಕಲ್. ಇದರಿಂದಾಗಿ ಹತ್ತಿರದವರು ಯಾರಾದ್ರೂ ನಿಮ್ಮನ್ನ ಮುಟ್ಟೋಕೆ ಹಿಂಜರಿದಿದ್ದಾರಾ?"

ಕಾಕಾ ಚಾವಣಿ ನೋಡಿದ. ನಾನು ನನ್ನ ಕೈ ನೋಡಿಕೊಂಡೆ. ಉಳಿದೆಲ್ಲ ಪ್ರಶ್ನೆಗೂ ಬಾಯಿಹಾಕಿದ್ದ ಚಿಗವ್ವ ಈಗಲೂ ಬಾಯಿ ತೆರೆಯುತ್ತಾಳೆ ಎಂದು ಕಾದೆ. ಅವಳು ಸೆರಗಿನ ಅಂಚು ಮಡಿಸುತ್ತ ಕೂತಿದ್ದಳು.

"ಇಲ್ಲವೇ ಇಲ್ಲ" ಎಂದ ಕಾಕಾ. "ಒಬ್ರೂ ಇಲ್ಲ. ಹಾಕ್ಯವ್ವಾ ಗೀಟು."

ಡಾಕ್ಟರಮ್ಮ ಗೀಟು ಹಾಕಿದಳು. ಅದೊಂದನ್ನು ಯಾರೂ ತಿದ್ದಲಿಲ್ಲ.

ಹೊರಡುವಾಗ ಚಿಗವ್ವ ದೊಡ್ಡ ಡಾಕ್ಟರನ್ನು ಕೇಳಿದಳು. ಬಸುರಿಯ ಕೈ ಹಿಡಿದರೆ ಹೊಟ್ಟೆಯ ಕೂಸಿಗೆ ಏನಾದರೂ ಆಗುತ್ತದೆಯೇ? "ಕೈ ಹಿಡಿದ ಮಾತ್ರಕ್ಕೆ ಕೂಸಿಗೆ ಏನೂ ಆಗಲ್ಲಮ್ಮ. ಗಂಟಿನ ಮೇಲೆ ಪಟ್ಟಿ ಇರಲಿ, ಕೈ ತೊಳೀಲಿ, ಸಾಕು" ಎಂದರು. ಚಿಗವ್ವ ಅದನ್ನು ಬೀಗತಿಗೆ ಫೋನಿನಲ್ಲಿ ಹೇಳಿದಳು. ಬೀಗತಿ, "ಡಾಕ್ಟರ್‌ಗೇನು, ಅವರ ಮೊಮ್ಮಗ ಅಲ್ಲಲ್ಲ" ಎಂದಳು.

ಕುಬಸದ ದಿನ ಬಂತು. ಮಾನ್ವಿಯ ಮನೆ ತುಂಬ ಮಂದಿ, ಹೋಳಿಗೆಯ ವಾಸನೆ. ಜಾಲಹಳ್ಳಿಯ ಬೀಗರು ಜೀಪಿನಲ್ಲಿ ಇಳಿದರು. ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಳು. ಎದುರಿಗೆ, ಕಾಕಾ ಕೂರಬೇಕಾದ ಜಾಗದಲ್ಲಿ, ಚಾಚಿ. ಅವಳನ್ನು ಕಾಕಾನೇ ದೇವದುರ್ಗಕ್ಕೆ ಹೋಗಿ ಕರೆತಂದಿದ್ದ. ಆ ಹಸಿರು ಬಳೆಯ ಡಬ್ಬಿಯನ್ನೂ ತಾನೇ ಇಳಿಸಿ, ಒರೆಸಿ ಕೊಟ್ಟಿದ್ದ. ಆಮೇಲೆ ಹೋಗಿ ಬಾಗಿಲ ಹೊರಗೆ ನಿಂತ, ಕೈ ಎರಡೂ ಬೆನ್ನ ಹಿಂದೆ.

"ಕೈ ಕೊಡು ಬೇಟಿ" ಎಂದಳು ಚಾಚಿ.

ಮಗಳು ಕೈ ಚಾಚಿದಳು. ಆದರೆ ಮುಷ್ಟಿ ಬಿಗಿದು!

"ಮುಷ್ಟಿ ಬಿಚ್ಚು."

ಬಿಚ್ಚಲಿಲ್ಲ. "ಬಿಚ್ಚವ್ವಾ" ಎಂದಳು ಚಿಗವ್ವ. ಬಿಚ್ಚಲಿಲ್ಲ. "ಏನಿದು ಹುಡುಗಾಟ? ಹೊತ್ತು ಮೀರತದ" ಎಂದಳು ಬೀಗತಿ. ಮಗಳು ಅತ್ತೆಯನ್ನು ನೋಡಲಿಲ್ಲ, ತಾಯಿಯನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿ, "ಯಪ್ಪಾ ಇಡಸಲಿ" ಎಂದಳು.

ಹೋಳಿಗೆ ಹೊತ್ತುವ ವಾಸನೆ ಬರುತ್ತಿದ್ದರೂ ಒಬ್ಬರೂ ಏಳಲಿಲ್ಲ!

ಚಾಚಿ ಡಬ್ಬಿಯ ಮುಚ್ಚಳ ಹಾಕಿದಳು. "ಮುಷ್ಟಿಮ್ಯಾಗ ಬಳಿ ಇಡ್ಸಾದು ನನ್ನ ಅಮ್ಮಾ ಕಲಿಸಿಲ್ಲ ಬಾಬಾ. ಬೀಗತಿ, ನೀನ ಹೇಳು."

ಬೀಗತಿ ಸೊಸೆಯ ಮುಷ್ಟಿ ನೋಡಿದಳು, ಅವಳ ಹೊಟ್ಟೆ ನೋಡಿದಳು. ಗಂಟಲು ಸರಿಮಾಡಿಕೊಂಡು, "ಆತು. ಅದೇನೋ ಹೈದರಾಬಾದ್ ಪದ್ಧತಿ ಅಂತಾರಲ್ಲ, ಚೀಲ ಹಾಕಿ ಇಡಸಲಿ" ಎಂದಳು.

ಕಾಕಾ ಒಳಗೆ ಬಂದ. ಬೆರಳಿನ ಪಟ್ಟಿಗಳು ಬೆಳ್ಳಗೆ, ಹೊಸವು. ಮಗಳ ಕೈಗೆ ಚೀಲ ತೊಡಿಸಿದ. ಹಸಿರು ಬಳೆ ತೆಗೆದುಕೊಂಡು ಚಾವಣಿ ನೋಡಿದ. ಬಳೆ ಬೆರಳು ದಾಟಿತು, ಹೆಬ್ಬೆರಳ ಬುಡದ ಎಲುಬಿನ ಹತ್ತಿರ ನಿಂತಿತು. ಬಸುರಿಯ ಕೈ ಊದಿತ್ತು. ಇನ್ನೊಮ್ಮೆ ಒತ್ತಿದ. ಗಾಜು ಸಣ್ಣಗೆ ಕಿರ್ ಎಂದಿತು.

ಎಲ್ಲರಿಗೂ ಕೇಳಿಸಿತು. ಕುಬಸದ ಮಣೆಯ ಮೇಲೆ ಹಸಿರು ಬಳೆ ಹೆಚ್ಚಿದರೆ! ನೆನೆಸಿಕೊಳ್ಳುವುದೂ ಬೇಡ.

ಕಾಕಾ ಕೈ ತೆಗೆದ. "ಚೀಲದಾಗ ಎಲುಬು ತಿಳಿವಲ್ದು" ಎಂದ ಮೆಲ್ಲಗೆ.

ಎಲ್ಲರ ಕಣ್ಣೂ ಬೀಗತಿಯ ಮೇಲೆ. ಪಾಪ ಅವಳ ಪಾಡು ನೋಡಿ: ಒಂದು ಕಡೆ ನರೂಲಿ, ಇನ್ನೊಂದು ಕಡೆ ಬಳೆ! ಹಣೆಯ ಬೆವರು ಒರೆಸಿಕೊಂಡು ಅಂದೇಬಿಟ್ಟಳು: "ತೆಗೀರಿ ಆ ಚೀಲ, ಸುಡುಗಾಡು! ಪಟ್ಟಿ ಅದ ಅಲ್ಲ? ಡಾಕ್ಟರ್ ಹೇಳ್ಯಾರ ಅಲ್ಲ? ಸಾವಕಾಶ ಇಡಸ್ರಿ ಬೀಗರ, ಬಳಿ ಹೆಚ್ಚಬಾರದು!"

ಚೀಲವನ್ನು ಮಗಳೇ ಕಿತ್ತು ಬದಿಗಿಟ್ಟಳು. ಮುಷ್ಟಿ ಬಿಚ್ಚಿ, ತೊಡೆಯ ಮೇಲೆ ಇಟ್ಟ ಅಪ್ಪನ ಅಂಗೈಯೊಳಗೆ ಕೈ ಇಟ್ಟಳು. ಹೆಬ್ಬೆರಳಿನ ಪಟ್ಟಿ ದಪ್ಪವಿತ್ತೆಂದು ಕಾಕಾ ಆವತ್ತು ತೋರುಬೆರಳಿನ ತುದಿಯಿಂದ ಎಲುಬು ಹುಡುಕಿದ. ಒಂದು, ಎರಡು, ಐದು, ಹತ್ತು. ಚಾಚಿ ಒಂದೊಂದೇ ಎಣಿಸಿ ಕೊಟ್ಟಳು. ಎರಡೂ ಕೈ ತುಂಬಿದವು. ಒಂದೂ ಹೆಚ್ಚಲಿಲ್ಲ.

ಬೀಗತಿಯ ದನಿ ಮತ್ತೆ ಜೋರಾಯಿತು: "ಹೋಳಿಗಿ ಹೊತ್ತಾಕತ್ಯಾವ, ಯಾರರ ನೋಡ್ರೇ!"

ಮಗಳು ಬಗ್ಗಲಾರದೆ ಬಗ್ಗಿ ಅಪ್ಪನಿಗೆ ನಮಸ್ಕಾರ ಮಾಡಿದಳು. ಕಾಕಾ ಎದ್ದು ಅಂಗಳಕ್ಕೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡ. ಡಾಕ್ಟರು ಹೇಳಿದ್ದರಲ್ಲ!

ಇದಾದ ಮೇಲೆ ಕಾಕಾ ತಿಂಗಳುಗಟ್ಟಲೆ ರಾಯಚೂರಿಗೆ ಬಂದು ಹೋದ. ಗಂಟುಗಳು ಒಂದೊಂದಾಗಿ ಹೋದವು. ಮೊಮ್ಮಗಳು ಹುಟ್ಟಿದಳು, ಬೀಗತಿ ದಿನಾ ಎಣ್ಣೆ ಹಚ್ಚುವಾಗ ಹುಡುಕಿ ಹುಡುಕಿ ನೋಡಿದರೂ ಮೈಮೇಲೆ ಒಂದು ನರಹುಲಿ ಸಿಗಲಿಲ್ಲ.

ಈ ವರ್ಷ ಪಂಚಮಿಯ ಹಿಂದಿನ ದಿನ ನಾನು ಮತ್ತೆ ಮಾನ್ವಿಗೆ ಹೋದೆ. ಕಟ್ಟೆಯ ಮೇಲೆ ಅದೇ ದಂಡು. ಕಾಕಾ ಬರಿಗೈಯಲ್ಲಿ, ಚಾವಣಿ ನೋಡುತ್ತ, ಎಲ್ಲರಿಗೂ ಬಳೆ ಇಡಿಸುತ್ತಿದ್ದ. ನನ್ನ ಸರದಿ ಬಂತು. ಕುಳಿತೆ. ಕಾಕಾ ನನ್ನ ಕಡೆ ನೋಡಿ, ಗಾದಿಯ ಕೆಳಗಿನಿಂದ ಮಡಚಿಟ್ಟ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ನನಗೊಬ್ಬಳಿಗೇ.

"ಬ್ಯಾಡ ಕಾಕಾ" ಎಂದೆ. ಚೀಲ ತೆಗೆದುಕೊಂಡು ನನ್ನ ಕೈಚೀಲದೊಳಗೆ ಹಾಕಿಕೊಂಡೆ.

ಕಾಕಾ ಕೈ ಹಿಡಿದ. ಹೆಬ್ಬೆರಳಿನ ಮೇಲೆ ಸುಣ್ಣ ಸುಟ್ಟ ಕಲೆ ಉಳಿದಿತ್ತು, ಒರಟಾಗಿ, ಒಂದು ಜೋಳದ ಕಾಳಿನಷ್ಟು. ಅದು ನನ್ನ ಬೆರಳಿಗೆ ತಗುಲಿತು.

"ಒರಟು ಹತ್ತತದೇನವಾ?"

"ಹತ್ತಲಿ."

ನಾಲ್ಕು ಬಳೆ ಇಡಿಸಿದ. ಆಮೇಲೆ ಕೇಳದೆ ಇನ್ನೂ ನಾಲ್ಕು ಇಡಿಸಿದ, ಹೋದ ವರ್ಷದವು. ನಾನು ನಮಸ್ಕಾರ ಮಾಡಿ ಎದ್ದೆ, ಹಿಂದೆ ನಿಂತವಳು ನನ್ನ ಜಾಗದಲ್ಲಿ ಕೂತು ಕೈ ಚಾಚಿದಳು.